ಕಟ್ಟೆಯ ಮೇಲಿನ ಬೀಡಿ

ವಿಜಯಪುರ ಜಿಲ್ಲೆಯ ಘೋಣಸಗಿಯಂತಹ ಹಳ್ಳಿಗಳಿಂದ ತರುಣರು ದುಡಿಮೆಗೆಂದು ಪರಸ್ಥಳಕ್ಕೆ ಹೊರಟರೆ, ಮನೆ ಕಾಯುವವರು ಮುದುಕರು. ಏಕಾಕಿಯಾದ ಅಜ್ಜನಿಗೆ ಬೀಡಿಯೇ ಸಂಗಾತಿ. ಬೆಂಕಿ ಕೇಳುವ ನೆಪದಲ್ಲಿ ನಾಲ್ಕು ಮಾತೂ ದೊರೆಯುವುವು. ‘ಬಿಡು’ ಎಂದು ಉಪದೇಶಿಸುವ ನಾವು ಇದನ್ನು ಮರೆಯುತ್ತೇವೆ.

ಬೀಡಿಯ ಎಲೆಯಲ್ಲಿ ಗಾಳಿ ಸುಲಭವಾಗಿ ನುಸುಳದು. ಆರದಿರಬೇಕಾದರೆ ಮೇಲಿಂದ ಮೇಲೆ ಸೇದಬೇಕು. ಸೇದಿದಷ್ಟೂ ಕಾರ್ಬನ್ ಮಾನಾಕ್ಸೈಡು ಒಳಹೊಗುವುದು. ಅದು ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಬಿಗಿಹಿಡಿಯುವುದು. ನಿಕೋಟಿನ್ನು ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟಿ, ಸುಮಾರು 2 ಗಂಟೆಗಳಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುವುದು. ಆಗ ಬಯಕೆ ಮರಳುವುದು. ಒಂಟಿತನವಂತೂ ಹೋಗಿರುವುದೇ ಇಲ್ಲ!

“ಈ ವಯಸ್ಸಿನಲ್ಲಿ ಬಿಟ್ಟು ಏನು ಫಲ?” ಎಂದು ಅಜ್ಜ ಕೇಳಿಯಾನು. ಪಕ್ಕದಲ್ಲಿ ಕುಳಿತು ಉತ್ತರಿಸಿರಿ: ಬ್ರಿಟನ್ನಿನ ವೈದ್ಯರನ್ನು 1951ರಿಂದ 50 ವರ್ಷ ಗಮನಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರು, 60ರಲ್ಲಿ ಬಿಟ್ಟವರಿಗೂ ಸರಾಸರಿ 3 ವರ್ಷದ ಆಯುಷ್ಯ ಹೆಚ್ಚಿತೆಂದು 2004ರಲ್ಲಿ ತೋರಿಸಿದರು.