ನೂಲು ಬಿಚ್ಚುವ ಕೈಗೆ ಮದ್ದು

ರಾಮನಗರದಲ್ಲಿ ಕೈ ನೋಡಿ ಕಸುಬು ಹೇಳಬಹುದು. ಕಾಟೇಜ್ ಬೇಸಿನ್ ಎಂಬ ಬಿಸಿ ನೀರಿನ ತೊಟ್ಟಿಯ ಮುಂದೆ ಕೂತು ರೇಷ್ಮೆ ಬಿಚ್ಚುವವರ ಬೆರಳ ತುದಿ ಬಿಳಿಚಿ ಸುಕ್ಕಾಗಿರುತ್ತದೆ, ಗೆಣ್ಣುಗಳಲ್ಲಿ ಸೀಳು ಬಿಟ್ಟಿರುತ್ತದೆ. ನನ್ನವೂ ಅಂಥವೇ ಕೈಗಳು. ಅಪ್ಪನ ಕಾಲದಿಂದ ನಮ್ಮದು ಬಿಚ್ಚಾಣಿಕೆಯ ಮನೆ. ಗೂಡಿನ ಮಾರುಕಟ್ಟೆಯಿಂದ ಬಂದ ಗೂಡನ್ನು ಕುದಿಸಿ, ಬಿಸಿ ನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹಿಡಿಯುವ ಕೆಲಸ ಕಲಿತ ಮೇಲೆ ವರ್ಷಗಟ್ಟಲೆ ನನ್ನ ಎರಡೂ ಅಂಗೈಗಳಲ್ಲಿ ಇಸುಬು ಬೀಡುಬಿಟ್ಟಿತ್ತು. ರಾಗಿಮುದ್ದೆ ಕಟ್ಟಲಾಗದೆ ಅತ್ತ ರಾತ್ರಿಗಳಿವೆ.

ಗೂಡಿನ ತೂಕದಲ್ಲಿ ರೇಷ್ಮೆಯ ಪಾಲನ್ನಷ್ಟೇ ಲೆಕ್ಕ ಹಾಕಿದರೆ, ಅದರ ಸುಮಾರು ಕಾಲು ಭಾಗ ಸೆರಿಸಿನ್ ಎಂಬ ಅಂಟು. ಅದು ಮೆತ್ತಗಾದರಷ್ಟೇ ಎಳೆ ಬಿಡುತ್ತದೆ. ಅದಕ್ಕೇ ನೀರು ಬಿಸಿಯಿರಬೇಕು, ಕೈ ಆ ನೀರಲ್ಲೇ ಇರಬೇಕು. ಹತ್ತೊಂಬತ್ತನೇ ಶತಮಾನದಲ್ಲೇ ಫ್ರಾನ್ಸಿನ ವೈದ್ಯರು ಅಲ್ಲಿನ ರೇಷ್ಮೆ ಬಿಚ್ಚುವ ಹೆಂಗಸರ ಕೈಯ ಈ ಕಾಯಿಲೆಯನ್ನು ಬೇಸಿನ್ ರೋಗ ಅಂತ ಕರೆದು ದಾಖಲಿಸಿದ್ದರು. ಇದನ್ನು ಓದಿದ ದಿನ ನನಗೊಂದು ಸಮಾಧಾನವಾಯಿತು. ನಮ್ಮ ಕೈಗೆ ಬಂದದ್ದು ರಕ್ತ ಕೆಟ್ಟು ಬಂದದ್ದೂ ಅಲ್ಲ, ಶಾಪವೂ ಅಲ್ಲ. ಅದು ಕೆಲಸದ ಗಾಯ.

ಇಸುಬಿನಲ್ಲಿ ಎರಡು ಕೆಡುಕುಗಳು ಒಟ್ಟಿಗೆ ನಡೆಯುತ್ತವೆ ಎಂದು ಬೆಂಗಳೂರಿನ ಚರ್ಮವೈದ್ಯೆಯೊಬ್ಬರು ಬಿಡಿಸಿ ಹೇಳಿದರು. ಚರ್ಮದ ಹೊರಪದರ ಇಟ್ಟಿಗೆ ಗೋಡೆಯ ಹಾಗೆ: ಸತ್ತ ಜೀವಕೋಶಗಳು ಇಟ್ಟಿಗೆ, ನಡುವೆ ಸೆರಮೈಡ್ ಮೊದಲಾದ ಜಿಡ್ಡಿನ ಗಾರೆ. ಬಿಸಿ ನೀರು, ಸೋಪು ಆ ಗಾರೆಯನ್ನು ತೊಳೆದುಬಿಡುತ್ತವೆ. ಚರ್ಮದ ಮೇಲ್ಮೈ ಸ್ವಭಾವತಃ ತುಸು ಹುಳಿ, ಪಿಎಚ್ 5ರ ಆಸುಪಾಸು. ನಾವು ಉಜ್ಜುವ ಬಟ್ಟೆ ಸೋಪು 9 ದಾಟಿರುತ್ತದೆ. ಬಿರುಕಿನೊಳಗೆ ಕಿರಿಕಿರಿಯ ವಸ್ತುಗಳು ನುಗ್ಗಿದಾಗ ದೇಹದ ರಕ್ಷಣಾ ವ್ಯವಸ್ಥೆ ಕೆರಳುತ್ತದೆ. ಉರಿಯೂತ, ತುರಿಕೆ ಆಗುವುದು ಆಗ. ತುರಿಸಿದರೆ ಬಿರುಕು ಇನ್ನೂ ಅಗಲ. ಉರಿಯೂತ ಇಳಿಸುವ ಔಷಧಿಯೊಂದೇ ಸಾಲದು, ಗೋಡೆ ಕಟ್ಟುವ ಕೆಲಸ ದಿನವೂ ನಡೆಯಬೇಕು. ಒಂದೇ ಬೇಸಿನ್‌ನಲ್ಲಿ ದುಡಿಯುವ ಇಬ್ಬರಲ್ಲಿ ಒಬ್ಬರ ಕೈ ಮಾತ್ರ ಕೆಡುವುದಕ್ಕೂ ಕಾರಣವುಂಟು. ಫಿಲಾಗ್ರಿನ್ ಎಂಬ ಚರ್ಮದ ಪ್ರೋಟೀನಿನ ಜೀನ್ ಕೆಲವರಲ್ಲಿ ಹುಟ್ಟಿನಿಂದಲೇ ದುರ್ಬಲ ಎಂದು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದವರು 2006ರಲ್ಲಿ ತೋರಿಸಿಕೊಟ್ಟರು.

ಮೊದಲ ಮದ್ದು ಬಹಳ ಅಗ್ಗದ್ದು: ಬಿಳಿ ಪೆಟ್ರೋಲಿಯಂ ಜೆಲ್ಲಿ. ಕೈ ಒರೆಸಿ ಇನ್ನೂ ತುಸು ಪಸೆ ಇರುವಾಗಲೇ ಹಚ್ಚಬೇಕು. ರಾತ್ರಿ ದಪ್ಪಗೆ ಬಳಿದು ಹಳೇ ಹತ್ತಿ ಗ್ಲೌಸು ಹಾಕಿ ಮಲಗಬೇಕು. ಕೊಬ್ಬರಿ ಎಣ್ಣೆಯೂ ಕೆಟ್ಟದ್ದಲ್ಲ. ಫಿಲಿಪ್ಪೀನ್ಸಿನಲ್ಲಿ ಇಸುಬಿನ ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಅದು ಖನಿಜ ಎಣ್ಣೆಗಿಂತ ಮೇಲಾಗಿ ಕಂಡಿದೆ. ಆದರೆ ಆಳವಾಗಿ ಸೀಳಿದ ಅಂಗೈಗೆ ಜೆಲ್ಲಿಯೇ ತಡೆಯುತ್ತದೆ. ಬಿಸಿ ನೀರಿಗೆ ಕೈ ಹಿಡಿದರೆ ತುರಿಕೆಗೆ ಆಗುವ ಹಿತವನ್ನು ಮಾತ್ರ ನಂಬಬೇಡಿ, ಆಮೇಲೆ ತುರಿಕೆ ಇನ್ನೂ ಜೋರಾಗಿ ಮರಳಬಹುದು.

ಎರಡನೆಯದು ಸ್ಟಿರಾಯ್ಡ್ ಮುಲಾಮು. 1952ರಲ್ಲಿ ಹೈಡ್ರೋಕಾರ್ಟಿಸೋನ್ ಹಚ್ಚಿ ಗುಣ ಕಂಡಾಗಿನಿಂದ ಇಂದಿಗೂ ಉರಿಯೂತ ಇಳಿಸಲು ಅದೇ ಮೊದಲ ಆಯ್ಕೆ. ಅದಕ್ಕೆ ಹೆದರಿ ಹಚ್ಚದೇ ಕೈ ಕೆಡಿಸಿಕೊಂಡವರನ್ನೂ ಕಂಡಿದ್ದೇನೆ, ಸಿಕ್ಕಾಪಟ್ಟೆ ಹಚ್ಚಿ ಚರ್ಮ ತೆಳ್ಳಗಾದವರನ್ನೂ ಕಂಡಿದ್ದೇನೆ. ಅಂಗೈ ಚರ್ಮ ದಪ್ಪ, ಅದಕ್ಕೆ ಪ್ರಬಲವಾದದ್ದೇ ಬೇಕು. ಅದೇ ಮುಲಾಮು ಮುಖಕ್ಕೆ ಸಲ್ಲದು. ಅಳತೆಗೂ ಒಂದು ದಾರಿಯಿದೆ: ಟ್ಯೂಬಿನಿಂದ ತೋರುಬೆರಳಿನ ಕೊನೆಯ ಗೆಣ್ಣಿನುದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಎರಡು ಹಸ್ತದಗಲದ ಜಾಗಕ್ಕೆ ಅಷ್ಟು ಸಾಕು.

ನನಗೆ ಕೋಪ ಬರುವುದು ಮೂರ್ನಾಲ್ಕು ಔಷಧಿ ಬೆರೆಸಿದ ಟ್ಯೂಬುಗಳ ಮೇಲೆ. ಪ್ರಬಲ ಸ್ಟಿರಾಯ್ಡ್ ಕ್ಲೋಬೆಟಸಾಲ್ ಜೊತೆಗೆ ಶಿಲೀಂಧ್ರದ ಮದ್ದು, ಬ್ಯಾಕ್ಟೀರಿಯಾದ ಮದ್ದು, ಎಲ್ಲವೂ ಒಂದರಲ್ಲೇ. ತುರಿಕೆ ಅಂತ ಬಾಯಿಬಿಟ್ಟರೆ ಸಾಕು, ಅಂಗಡಿಯಿಂದ ಅದೇ ಕೈಗೆ ಬರುತ್ತದೆ. ಎರಡೇ ದಿನದಲ್ಲಿ ತುರಿಕೆ ನಿಲ್ಲುವುದರಿಂದ ಎಲ್ಲರಿಗೂ ಅದರ ಮೇಲೆ ಭರವಸೆ. ಆದರೆ ಅದು ಹುಳುಕಡ್ಡಿಯಾಗಿದ್ದರೆ ಸ್ಟಿರಾಯ್ಡ್ ಅದನ್ನು ಒಳಗೊಳಗೇ ಹರಡಿಸುತ್ತದೆ. ಹುಳುಕಡ್ಡಿಯೋ ಇಸುಬೋ ಎಂದು ತಿಳಿಯಲು ಚರ್ಮದ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರಾಯಿತು, ನಿಮಿಷಗಳ ಕೆಲಸ. ಇಂಥ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ನಮ್ಮ ಬೀದಿಗೆ ಆ ನಿಯಮ ಇನ್ನೂ ಬಂದಿಲ್ಲ.

ನನ್ನ ಕೈಯ ಕೆರಳುವಿಕೆ ತಗ್ಗಿದ ಮೇಲೆ ವೈದ್ಯೆ ನನಗೆ ಟಾಕ್ರೋಲಿಮಸ್ ಮುಲಾಮು ಕೊಟ್ಟರು. 1984ರಲ್ಲಿ ಜಪಾನಿನ ತ್ಸುಕುಬಾ ಬೆಟ್ಟದ ತಪ್ಪಲಿನ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕ ಔಷಧಿ ಅದು. ಮೊದಲ ಕೆಲವು ದಿನ ಖಾರ ಬಳಿದಂತೆ ಉರಿಯಿತು, ಆಮೇಲೆ ಒಗ್ಗಿತು. ಚರ್ಮ ತೆಳ್ಳಗೆ ಮಾಡದಿರುವುದು ಅದರ ಗುಣ. ಇಸುಬು ಮರಳದಂತೆ ವಾರಕ್ಕೆ ಎರಡು ಸಲ ಹಚ್ಚುವ ಕ್ರಮ ನನ್ನ ಕೈಯನ್ನು ಉಳಿಸಿದೆ.

ಮನೆಮದ್ದಿನ ಮಾತೂ ಬರಲೇಬೇಕು. ಚನ್ನಪಟ್ಟಣದ ಬೊಂಬೆ ಕೊರೆಯುವ ಹಾಲೆ ಮರದ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ಟರೆ ಎಣ್ಣೆ ನೇರಳೆಗೆ ತಿರುಗುತ್ತದೆ. ಸಿದ್ಧ ವೈದ್ಯದಲ್ಲಿ ಅದು ಸೋರಿಯಾಸಿಸ್‌ಗೆ ಹೆಸರಾದದ್ದು. ನಮ್ಮ ದೊಡ್ಡಮ್ಮ ಬಾಟಲಿ ತುಂಬಿ ತಂದರು. ಅವರ ಅಕ್ಕರೆ ದೊಡ್ಡದು, ಆದರೂ ಒಡೆದ ಕೈಗೆ ಅದನ್ನು ನಾನು ಹಚ್ಚಲಿಲ್ಲ. ಸೋರಿಯಾಸಿಸ್ ಬೇರೆ, ಇಸುಬು ಬೇರೆ. ಬಿರುಕು ಬಿಟ್ಟ ಚರ್ಮಕ್ಕೆ ಯಾವ ಸೊಪ್ಪಿನ ರಸವೂ ಹೊಸ ಅಲರ್ಜಿ ತರಬಲ್ಲದು.

ಅಲರ್ಜಿಯ ಪಾಠ ಕಲಿತದ್ದು ಕನಕಪುರದ ಹಿಪ್ಪುನೇರಳೆ ತೋಟದಲ್ಲಿ ದುಡಿಯುವ ನನ್ನ ತಮ್ಮನಿಂದ. ಅವನಿಗೆ ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಇಸುಬು. ಹುಳು ಸಾಕುವ ಮನೆಗೆ ಹೊಡೆಯುವ ಫಾರ್ಮಲಿನ್, ಬ್ಲೀಚಿಂಗ್ ಪುಡಿಯೇ ಕಾರಣ ಅಂತ ಎಲ್ಲರ ಗುಮಾನಿ. ಬೆಂಗಳೂರಿನಲ್ಲಿ ಬೆನ್ನಿಗೆ ಪ್ಯಾಚ್ ಪರೀಕ್ಷೆ ಮಾಡಿದರು: ಅನುಮಾನದ ವಸ್ತುಗಳನ್ನು ಪಟ್ಟಿಯಲ್ಲಿಟ್ಟು 48 ಗಂಟೆ ಅಂಟಿಸಿ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಕೆಂಪಗೆದ್ದದ್ದು ಪಾರ್ಥೇನಿಯಂ ಪಟ್ಟಿ! ಮಾಗಡಿ ರಸ್ತೆಯಿಂದ ಕನಕಪುರದ ಬದುಗಳವರೆಗೆ ಎಲ್ಲೆಲ್ಲೂ ಬಿಳಿ ಹೂ ಬಿಡುವ ಆ ಕಾಂಗ್ರೆಸ್ ಗಿಡದ ಧೂಳು ಗಾಳಿಯಲ್ಲೇ ಬಂದು ಮುಖಕ್ಕೆ ಕೂರುತ್ತದೆ. ಗಿಡ ಹೂ ಬಿಡುವ ಮೊದಲೇ ಬೇರೆಯವರಿಂದ ಕೀಳಿಸಿ, ತುಂಬುತೋಳಿನ ಅಂಗಿ ಹಾಕಿದ ಮೇಲೆ ಅವನಿಗೆ ಮುಲಾಮು ಹತ್ತಿತು.

ಹೊಸ ಔಷಧಿಗಳು ಬರುತ್ತಲೇ ಇವೆ. ಉರಿಯೂತದ ಎರಡು ಸಂಕೇತಗಳನ್ನು ತಡೆಯುವ ಡುಪಿಲುಮಾಬ್ ಚುಚ್ಚುಮದ್ದಿಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಬಂದ, ಜೆಎಕೆ ಎಂಬ ಕಿಣ್ವಗಳನ್ನು ತಡೆಯುವ ಮಾತ್ರೆಗಳನ್ನು ಶುರು ಮಾಡುವ ಮುನ್ನ ಕ್ಷಯದ ಪರೀಕ್ಷೆ ಆಗಲೇಬೇಕು. ನಮ್ಮಂಥವರಿಗೆ ಹೆಚ್ಚು ಆಸೆ ಹುಟ್ಟಿಸುವುದು ಡೆಲ್ಗೊಸಿಟಿನಿಬ್ ಮುಲಾಮು. ದೊಡ್ಡವರ ಕೈ ಇಸುಬಿಗಾಗಿಯೇ ಮಾಡಿದ ಅದಕ್ಕೆ 2024ರಲ್ಲಿ ಯೂರೋಪ್, 2025ರ ಜುಲೈನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು.

ರೇಷ್ಮೆಯೂ ಮದ್ದಾದೀತೇ ಎಂದು ಹುಡುಕಿದವರುಂಟು. ಸೆರಿಸಿನ್ ತೆಗೆದ ರೇಷ್ಮೆ ಬಟ್ಟೆಯನ್ನು ಇಂಗ್ಲೆಂಡಿನಲ್ಲಿ ಇಸುಬಿನ 300 ಮಕ್ಕಳ ಮೇಲೆ ಆರು ತಿಂಗಳು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಮೂಲಿ ಚಿಕಿತ್ಸೆಯ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ರೇಷ್ಮೆ ಊರಿನವಳಾಗಿ ನನಗೆ ಬೇಸರವಾಯಿತು, ಆದರೂ ದುಬಾರಿ ಬಟ್ಟೆಗೆ ಹಣ ಸುರಿಯಬೇಡಿ ಎಂದು ಹೇಳಲು ಅದೇ ಆಧಾರ.

ಯಾವ ಮದ್ದು ಬಂದರೂ ಕೈ ದಿನವಿಡೀ ನೀರಲ್ಲೇ ಇದ್ದರೆ ಗೋಡೆ ನಿಲ್ಲದು. ದಿನಕ್ಕೆ ಎರಡು ಗಂಟೆ ಕೈ ಒದ್ದೆಯಿದ್ದರೆ ಅದನ್ನು ಅಪಾಯದ ಕೆಲಸವೆಂದು ಜರ್ಮನಿಯ ನಿಯಮ ಎಣಿಸುತ್ತದೆ. ನಮ್ಮಲ್ಲಿ ಬೆಳಗಿನ ತಿಂಡಿಗೆ ಏಳುವಷ್ಟರಲ್ಲೇ ಆ ಎರಡು ಗಂಟೆ ಮುಗಿದಿರುತ್ತದೆ. ಗ್ಲೌಸು ಹಾಕಿದರೆ ಎಳೆಯ ತುದಿ ಸಿಗದು ಅನ್ನುವುದು ನಿಜ. ಆದರೆ ಗೂಡು ಬೇಯಿಸುವಾಗ, ಹುಳ ಬಳಿಯುವಾಗ, ಬೇಸಿನ್ ತೊಳೆಯುವಾಗ ಎಳೆ ಹುಡುಕುವುದೇನೂ ಇಲ್ಲ. ಬಿಚ್ಚಾಣಿಕೆ ಘಟಕಗಳ ಮಾಲೀಕರಲ್ಲಿ ನನ್ನ ಬೇಡಿಕೆ ಇಷ್ಟೇ: ಆ ಕೆಲಸಗಳಿಗೆ ಒಳಗೆ ಹತ್ತಿ, ಮೇಲೆ ನೈಟ್ರೈಲ್ ಗ್ಲೌಸು ಕೊಡಿ, ಪ್ರತಿ ಬೇಸಿನ್ ಪಕ್ಕ ಒಂದು ಡಬ್ಬಿ ಜೆಲ್ಲಿ ಇಡಿಸಿ, ಕೈ ಒಡೆದವರನ್ನು ಕೆಲವು ವಾರ ಒಣ ಕೆಲಸಕ್ಕೆ ಹಾಕಿ. ಕೂಲಿ ಮಾತ್ರ ಕಡಿಯಬೇಡಿ.