ಬಿಗ್ ಸರ್ ಮ್ಯಾರಥಾನ್: ಇಳಿಜಾರಿನ ಲೆಕ್ಕ ಮತ್ತು ಎದುರುಗಾಳಿ

ಸಾನ್ ಫ್ರಾನ್ಸಿಸ್ಕೋ ನಗರದಿಂದ ದಕ್ಷಿಣಕ್ಕೆ ಸುಮಾರು 190 ಕಿಲೋಮೀಟರು ದೂರದಲ್ಲಿರುವ ಮಾಂಟೆರೆ ಮತ್ತು ಕಾರ್ಮೆಲ್ ಎಂಬ ಸಣ್ಣ ಕಡಲ ಊರುಗಳ ನೆರೆಯಲ್ಲಿ, 1986ರಿಂದ ನಡೆದುಬಂದಿರುವ ಬಿಗ್ ಸರ್ ಅಂತರರಾಷ್ಟ್ರೀಯ ಮ್ಯಾರಥಾನ್, ಅಮೆರಿಕದ ಅತಿ ಸುಂದರ ಓಟಗಳನ್ನು ಹೆಸರಿಸುವಾಗ ತಪ್ಪದೆ ಕೇಳಿಬರುವ ಓಟವಾಗಿದೆ. ಆದರೆ ಅದನ್ನು ಕುರಿತ ಬರಹಗಳಲ್ಲಿ ಬಹುಪಾಲು ಕಡಲು, ಬಂಡೆ, ಸೇತುವೆಗಳ ವರ್ಣನೆಗೇ ಮೀಸಲಾಗಿರುವುದರಿಂದ, ಓಟದ ನಿಜವಾದ ಕಷ್ಟ ಯಾವುದೆಂಬುದು 16ನೆಯ ಕಿಲೋಮೀಟರು ದಾಟುವವರೆಗೆ ಹೊಸಬರಿಗೆ ತಿಳಿಯುವುದೇ ಇಲ್ಲ. ಪ್ರಸ್ತುತ ಲೇಖಕನಿಗೂ ತಿಳಿದಿರಲಿಲ್ಲ. ಅದಕ್ಕೆ ಕಾರಣರಾದವರ ಪ್ರಸ್ತಾಪ ಮುಂದೆ ಬರಲಿದೆ.

ಈ ಓಟದ ದಾರಿ ಹೆದ್ದಾರಿ ಸಂಖ್ಯೆ 1. ಸಾಂತಾ ಲೂಸಿಯಾ ಎಂಬ ಪರ್ವತಸಾಲು ನೇರವಾಗಿ ಪೆಸಿಫಿಕ್ ಸಾಗರಕ್ಕೆ ಇಳಿಯುವ ಕಡೆ, ಬೆಟ್ಟದ ಮೈಯನ್ನು ಕೊರೆದು, ಕೈದಿಗಳ ದುಡಿಮೆಯನ್ನೂ ಬಳಸಿಕೊಂಡು ನಿರ್ಮಿಸಿ 1937ರಲ್ಲಿ ಸಂಚಾರಕ್ಕೆ ತೆರೆದ ರಸ್ತೆಯಿದು. ಕಡಲ ಪಕ್ಕದ ಹೆದ್ದಾರಿಯೆಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಮರವಂತೆ. ಅಲ್ಲಿ ರಸ್ತೆ ಸಮುದ್ರಮಟ್ಟದಲ್ಲೇ ಚಪ್ಪಟೆಯಾಗಿ ಸಾಗುತ್ತದೆ, ಬಿಗ್ ಸರ್‌ನಲ್ಲಿ ಹಾಗಲ್ಲ. ಅಲ್ಲಿನ ರಸ್ತೆ ಪ್ರತಿಯೊಂದು ಹಳ್ಳಕ್ಕೂ ಇಳಿದು, ಪ್ರತಿಯೊಂದು ಮೂಲೆಗೂ ಹತ್ತುತ್ತದೆ. ಬಿಗ್ ಸರ್‌ನಿಂದ ಮನೆಗೆ ಮರಳುವಾಗ ಕಾರ್ಮೆಲ್ 26 ಮೈಲಿ ಎಂಬ ದಾರಿಫಲಕವನ್ನು ಕಂಡ ಬಿಲ್ ಬರ್ಲೇ ಎಂಬ ಸ್ಥಳೀಯ ನ್ಯಾಯಾಧೀಶರು, ಮ್ಯಾರಥಾನಿನ ದೂರವೂ ಹೆಚ್ಚುಕಡಿಮೆ ಅಷ್ಟೇ ಎಂಬುದನ್ನು ಗಮನಿಸಿದ್ದರಿಂದ ಈ ಓಟ ಹುಟ್ಟಿತು. ಅಂದರೆ ದಾರಿಯನ್ನು ಓಟಗಾರರ ಅನುಕೂಲ ನೋಡಿ ಯಾರೂ ಆರಿಸಿದ್ದಲ್ಲ.

ಒಂದು ಊರಿನಲ್ಲಿ ಹೊರಟು ಇನ್ನೊಂದು ಊರಿನಲ್ಲಿ ಮುಗಿಯುವ ಇಂಥ ಓಟಕ್ಕೆ ಬಿಂದುವಿನಿಂದ ಬಿಂದುವಿಗೆ ಸಾಗುವ ಓಟವೆಂದು ಹೆಸರು. ದಾರಿ ಒಂದೇ ಆಗಿರುವುದರಿಂದ ಓಟಗಾರರನ್ನೆಲ್ಲ ನಸುಕಿನ ನಾಲ್ಕು ಗಂಟೆಯ ಸುಮಾರಿಗೆ ಬಸ್ಸುಗಳಲ್ಲಿ ತುಂಬಿ ದಕ್ಷಿಣದ ತುದಿಯಾದ ಬಿಗ್ ಸರ್‌ಗೆ ಸಾಗಿಸಲಾಗುತ್ತದೆ. ಅಲ್ಲಿ ರೆಡ್‌ವುಡ್ ಎಂಬ ಭಾರೀ ಮರಗಳ ಕೆಳಗೆ, ಕೈ ಮರಗಟ್ಟಿಸುವ ಚಳಿಯಲ್ಲಿ, ಸಂಚಾರಿ ಶೌಚಾಲಯಗಳ ಮುಂದಿನ ಉದ್ದನೆಯ ಸಾಲುಗಳಲ್ಲಿ ನಿಂತು, ಬೆಳಗಿನ 6.45ರ ಆರಂಭಕ್ಕಾಗಿ ಕಾಯಬೇಕಾಗುತ್ತದೆ. ಆ ಕಾಯುವಿಕೆಯ ಬಗ್ಗೆ ದೂರುವವರು ಬಹಳ ಮಂದಿ. ಮುಂದೆ ಬರುವುದರ ಎದುರಿಗೆ ಅದು ದೂರುವಂಥ ವಿಷಯವೇ ಅಲ್ಲ.

ಇನ್ನು ಲೇಖಕನ ಭಾವನ ಲೆಕ್ಕ. ಓಟದ ಆರಂಭದ ಸ್ಥಳವು ಮುಕ್ತಾಯದ ಸ್ಥಳಕ್ಕಿಂತ ಮುನ್ನೂರಕ್ಕೂ ಹೆಚ್ಚು ಅಡಿ ಎತ್ತರದಲ್ಲಿರುವುದು ನಿಜ. ಕ್ಯಾಲಿಫೋರ್ನಿಯಾದಲ್ಲಿ ಬಹುಕಾಲದಿಂದ ನೆಲೆಸಿರುವ, ಲೇಖಕನಿಗಿಂತ ಮೊದಲೇ ಈ ಓಟವನ್ನು ಓಡಿ ಮುಗಿಸಿದ್ದ ಅವನ ಭಾವನು ಈ ಒಂದು ಸಂಖ್ಯೆಯನ್ನು ಹಿಡಿದು, ಊಟದ ಮೇಜಿನ ಮೇಲೆ ಕಾಗದದಲ್ಲಿ ಗೆರೆಯೆಳೆದು ತೋರಿಸಿ, ಒಟ್ಟಾರೆ ಇದು ಇಳಿಜಾರಿನ ಓಟ, ಆದುದರಿಂದ ಜೀವಮಾನದ ಶ್ರೇಷ್ಠ ಸಮಯವನ್ನು ಇಲ್ಲಿಯೇ ಸಾಧಿಸಬಹುದು ಎಂದು ಖಚಿತವಾಗಿ ಸಾರಿದನು. ಓಟದ ಲೋಕದಲ್ಲಿ ಈ ವಾದಕ್ಕೆ ಆಧಾರವೇ ಇಲ್ಲವೆನ್ನಲಾಗದು. ವಿಶ್ವದಾಖಲೆಗೆ ಅರ್ಹವಾಗಬೇಕಾದ ದಾರಿಯು ಕಿಲೋಮೀಟರಿಗೆ ಸರಾಸರಿ ಒಂದು ಮೀಟರಿಗಿಂತ ಹೆಚ್ಚು ಇಳಿಯಕೂಡದು, ಆರಂಭ ಮತ್ತು ಮುಕ್ತಾಯಗಳ ನಡುವಿನ ನೇರ ಅಂತರವು ಓಟದ ದೂರದ ಅರ್ಧವನ್ನು ಮೀರಕೂಡದು ಎಂಬ ಅಂತರರಾಷ್ಟ್ರೀಯ ನಿಯಮಗಳಿರುವುದು ಇಳಿಜಾರು ಮತ್ತು ಬೆನ್ನುಗಾಳಿಗಳ ಅನುಚಿತ ಲಾಭವನ್ನು ತಡೆಯುವುದಕ್ಕಾಗಿಯೇ. 2011ರ ಬಾಸ್ಟನ್ ಮ್ಯಾರಥಾನಿನಲ್ಲಿ ಕೆನ್ಯಾದ ಜೆಫ್ರಿ ಮುಟೈ 2 ಗಂಟೆ 3 ನಿಮಿಷ 2 ಸೆಕೆಂಡುಗಳಲ್ಲಿ ಓಡಿದರೂ ಅದು ವಿಶ್ವದಾಖಲೆಯೆನಿಸಿಕೊಳ್ಳಲಿಲ್ಲ. ಭಾವನು ಈ ಉದಾಹರಣೆಯನ್ನೂ ಕೊಟ್ಟಿದ್ದನು. ಬಾಸ್ಟನ್ನಿನಲ್ಲಿ ಅಂದು ಗಾಳಿ ಬೆನ್ನ ಹಿಂದಿನಿಂದ ಬೀಸಿತ್ತೆಂಬುದನ್ನೂ, ಬಿಗ್ ಸರ್‌ನಲ್ಲಿ ಅದು ಮುಖಕ್ಕೇ ಬಡಿಯುತ್ತದೆಂಬುದನ್ನೂ ಮಾತ್ರ ಬಿಟ್ಟಿದ್ದನು. ಇಡೀ ದಾರಿಯಲ್ಲಿ ಹತ್ತಬೇಕಾದ ಏರುಗಳನ್ನೆಲ್ಲ ಕೂಡಿಸಿದರೆ ಎರಡು ಸಾವಿರ ಅಡಿಯನ್ನು ಮೀರುತ್ತದೆ ಎಂಬುದೂ ಆ ಕಾಗದದಲ್ಲಿ ಇರಲಿಲ್ಲ.

ಗಾಳಿ ಎದುರಿಗೇ ಏಕೆ ಬರುತ್ತದೆಂಬುದನ್ನು ಇಲ್ಲಿ ವಿವರಿಸುವುದು ಅಗತ್ಯ. ವಸಂತಕಾಲದಲ್ಲಿ ಉತ್ತರ ಪೆಸಿಫಿಕ್ಕಿನ ಮೇಲೆ ಅಧಿಕ ಒತ್ತಡದ ವಾಯುರಾಶಿಯೊಂದು ಬಲಗೊಳ್ಳುತ್ತದೆ. ಅದೇ ವೇಳೆಗೆ ಕ್ಯಾಲಿಫೋರ್ನಿಯಾದ ಒಳನಾಡು ಕಾದು ಅಲ್ಲಿ ಒತ್ತಡ ತಗ್ಗುತ್ತದೆ. ಈ ವ್ಯತ್ಯಾಸದಿಂದ ಹುಟ್ಟುವ ಗಾಳಿಯು ಕರಾವಳಿಗುಂಟ ವಾಯುವ್ಯದಿಂದ ಆಗ್ನೇಯಕ್ಕೆ ಬೀಸುತ್ತದೆ. ಕಡಲಿಗೆ ಅಂಟಿಕೊಂಡೇ ನಿಂತ ಪರ್ವತಸಾಲು ಈ ಗಾಳಿಯನ್ನು ಒಳಗೆ ಹರಡಲು ಬಿಡದೆ ದಡದುದ್ದಕ್ಕೂ ಒತ್ತಿ ಹರಿಸುವುದರಿಂದ, ಸಮುದ್ರಕ್ಕೆ ಚಾಚಿದ ಭೂಶಿರಗಳ ಬಳಿ ಅದರ ವೇಗ ಇನ್ನಷ್ಟು ಏರುತ್ತದೆ. ಓಟ ಸಾಗುವುದು ದಕ್ಷಿಣದಿಂದ ಉತ್ತರಕ್ಕೆ. ವಾಯುವಿನ ಪ್ರತಿರೋಧವು ಸಾಪೇಕ್ಷ ವೇಗದ, ಅಂದರೆ ಓಟಗಾರನ ವೇಗ ಮತ್ತು ಎದುರುಗಾಳಿಯ ವೇಗ ಎರಡನ್ನೂ ಕೂಡಿಸಿದಾಗ ಬರುವ ವೇಗದ, ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಗಂಟೆಗೆ 10 ಕಿಲೋಮೀಟರು ವೇಗದಲ್ಲಿ ಓಡುವವನಿಗೆ ಗಂಟೆಗೆ 30 ಕಿಲೋಮೀಟರು ವೇಗದ ಗಾಳಿ ಎದುರಾದರೆ ಅವನನ್ನು ಹಿಂದಕ್ಕೆ ತಳ್ಳುವ ಬಲ ನಿಶ್ಚಲ ಹವೆಯಲ್ಲಿರುವುದಕ್ಕಿಂತ 16 ಪಟ್ಟು ಆಗುತ್ತದೆ. ಊಟದ ಮೇಜಿನ ಲೆಕ್ಕದಲ್ಲಿ ಸೇರಬೇಕಾಗಿದ್ದುದು ಈ ಲೆಕ್ಕ.

ಮೊದಲ ಎಂಟು ಕಿಲೋಮೀಟರುಗಳು ರೆಡ್‌ವುಡ್ ಮರಗಳ ಮರೆಯಲ್ಲಿ, ಹಿತವಾದ ಇಳುಕಲಿನಲ್ಲಿ ಕಳೆಯುತ್ತವೆ. ಆ ಹೊತ್ತಿನಲ್ಲಿ ಭಾವನ ಮಾತು ಅಕ್ಷರಶಃ ಸತ್ಯವೆಂದೇ ತೋರುತ್ತದೆ. ಮರಗಳು ಮುಗಿದು ಹುಲ್ಲುಗಾವಲು ತೆರೆದುಕೊಂಡೊಡನೆ, ಎಡಗಡೆ ಕಡಲ ಬಂಡೆಯ ಮೇಲೆ 1889ರಲ್ಲಿ ಬೆಳಕು ಹೊತ್ತಿಸಿದ ಪಾಯಿಂಟ್ ಸರ್ ದೀಪಸ್ತಂಭ ಕಾಣುತ್ತದೆ, ಗಾಳಿಯೂ ಸಿಗುತ್ತದೆ. 16ನೆಯ ಕಿಲೋಮೀಟರಿನ ಬಳಿ ರಸ್ತೆಯು ಲಿಟಲ್ ಸರ್ ನದಿಯ ಮಟ್ಟಕ್ಕೆ ಇಳಿಯುತ್ತದೆ. ಅಲ್ಲಿ ಟೈಕೋ ಎಂಬ ಜಪಾನಿ ನಗಾರಿಗಳನ್ನು ಬಾರಿಸುವ ತಂಡವೊಂದು ನಿಂತಿರುತ್ತದೆ. ನಗಾರಿ ಬಾರಿಸಿ ಬೀಳ್ಕೊಡುವುದು ಯುದ್ಧಕ್ಕೆ ಹೊರಟವರನ್ನೆಂಬ ಅರಿವು ಲೇಖಕನಿಗೆ ಮೂಡಿದ್ದು ಸ್ವಲ್ಪ ತಡವಾಗಿ.

ಅಲ್ಲಿಂದ ಸುಮಾರು ಮೂರು ಕಿಲೋಮೀಟರುಗಳಷ್ಟು ದೂರ ಬಿಡುವಿಲ್ಲದೆ ಹತ್ತಿ, 560 ಅಡಿ ಎತ್ತರದ ಹರಿಕೇನ್ ಪಾಯಿಂಟ್ ಎಂಬ ಮೂಲೆಯನ್ನು ತಲುಪಬೇಕು. ಏರಿನ ಮೊದಲ ಭಾಗದಲ್ಲಿ ಬೆಟ್ಟದ ಮೈ ಗಾಳಿಯನ್ನು ಅಷ್ಟಿಷ್ಟು ತಡೆಯುವುದರಿಂದ ಓಟಗಾರರು ಪರಸ್ಪರ ಮಾತನಾಡಿಕೊಳ್ಳುವುದು ಸಾಧ್ಯವಿತ್ತು. ತಿರುವೊಂದನ್ನು ದಾಟಿದೊಡನೆ ಮಾತು ನಿಂತಿತು. ಪಕ್ಕದವನ ಬಾಯಿ ಅಲುಗಾಡುವುದು ಕಂಡರೂ ದನಿ ಕೇಳಿಸುತ್ತಿರಲಿಲ್ಲ. ಲೇಖಕನ ಟೋಪಿ ತಲೆಯಿಂದೆದ್ದು ಬೆಟ್ಟದ ಕಡೆಯ ಗೋಡೆಗೆ ಬಡಿದು ಹಿಂದಕ್ಕೆ ಉರುಳಿಕೊಂಡು ಹೋಯಿತು. ಅದನ್ನು ತರಲು ಹತ್ತಿದ್ದನ್ನು ಇಳಿಯಬೇಕಾಗುತ್ತಿದ್ದುದರಿಂದ ಅದನ್ನು ಅಲ್ಲಿಯೇ ಬಿಡಲಾಯಿತು. ಎದೆಗೆ ಚುಚ್ಚಿದ್ದ ಓಟದ ಸಂಖ್ಯೆಯ ಚೀಟಿಯ, ಅಂದರೆ ಬಿಬ್ಬಿನ, ಕೆಳಗಿನ ಎರಡು ಪಿನ್ನುಗಳ ಬಳಿ ಕಾಗದ ಹರಿದು, ಅದು ಮೇಲಕ್ಕೆ ಮಡಚಿಕೊಂಡು ಗದ್ದಕ್ಕೆ ಪಟಪಟನೆ ಹೊಡೆಯತೊಡಗಿತು. ನೀರಿನ ಲೋಟವನ್ನು ಬಾಯಿಗೆ ಎತ್ತಿದರೆ ನೀರು ಬಾಯಿಗೆ ಬೀಳದೆ ಕಿವಿಯ ಕಡೆಗೆ ಹೋಗುತ್ತಿತ್ತು. ಮುಂದೆ ಕಾಣುತ್ತಿದ್ದ ತಿರುವೇ ನೆತ್ತಿಯೆಂದು ನಂಬಿ, ಉಳಿದ ಬಲವನ್ನೆಲ್ಲ ಅಲ್ಲಿಯವರೆಗಿನ ಓಟಕ್ಕೆ ಸುರಿದ ಮೇಲೆ, ರಸ್ತೆ ಮತ್ತೆ ಮೇಲಕ್ಕೇ ತಿರುಗಿತು. ಹೀಗೆ ನೆತ್ತಿಯಂತೆ ತೋರಿ ಮೋಸಮಾಡುವ ಜಾಗಗಳು ಈ ಏರಿನಲ್ಲಿ ಒಂದಕ್ಕಿಂತ ಹೆಚ್ಚು ಇವೆ. ಅಗಲವಾದ ಭುಜಗಳ ಒಬ್ಬ ಓಟಗಾರ ಮುಂದಿದ್ದುದರಿಂದ ಅವನ ಬೆನ್ನಿಗೆ ಒಂದು ಮಾರಿನಷ್ಟು ಹತ್ತಿರ ಸರಿದು, ಅವನ ಮರೆಯಲ್ಲಿ ಹೆಜ್ಜೆಯಿಡುವುದು ಲೇಖಕನಿಗೆ ಉಳಿದ ಒಂದೇ ಉಪಾಯವಾಗಿತ್ತು. ತುಸು ಹೊತ್ತಿನಲ್ಲಿ ಹಿಂದಿರುಗಿ ನೋಡಿದಾಗ ಲೇಖಕನ ಬೆನ್ನಿಗೂ ನಾಲ್ಕೈದು ಮಂದಿ ಸಾಲುಗಟ್ಟಿದ್ದರು. ಆ ಭುಜವಂತನು ದಾರಿಬದಿಯಲ್ಲಿ ಚಿತ್ರ ತೆಗೆಯಲು ಇದ್ದಕ್ಕಿದ್ದಂತೆ ನಿಂತುಬಿಟ್ಟಾಗ ಆದ ನಿರಾಶೆಯನ್ನು ಮರೆಯುವುದು ಕಷ್ಟ. ಕೆಳಗೆ ಕಡಲು ಹಸಿರುನೀಲಿಯಾಗಿ, ಬಂಡೆಗಳ ಸುತ್ತ ಬೆಳ್ಳಗೆ ನೊರೆ ಕಟ್ಟಿಕೊಂಡು, ವರ್ಣಿಸಿದವರೆಲ್ಲ ಹೇಳಿದಂತೆಯೇ ಇತ್ತು. ಅದನ್ನು ನೋಡಲು ತಲೆಯೆತ್ತಿದರೆ ಕಣ್ಣಿಗೆ ಮರಳು ಬೀಳುತ್ತಿತ್ತು.

ನೆತ್ತಿಯನ್ನು ದಾಟಿ ಇಳಿದರೆ ಬಿಕ್ಸ್‌ಬಿ ಸೇತುವೆ. 1932ರಲ್ಲಿ ಕಟ್ಟಿದ, 714 ಅಡಿ ಉದ್ದದ, ಕಣಿವೆಯ ತಳದಿಂದ ಸುಮಾರು 260 ಅಡಿ ಎತ್ತರದಲ್ಲಿರುವ ಈ ಕಾಂಕ್ರೀಟಿನ ಕಮಾನು ಓಟದ ಸರಿಯಾದ ಅರ್ಧದಾರಿಯಲ್ಲಿದೆ. ಸೇತುವೆಯ ಉತ್ತರದ ತುದಿಯಲ್ಲಿ ವಿಧ್ಯುಕ್ತ ಉಡುಪು ತೊಟ್ಟ ವಾದಕನೊಬ್ಬ ಗ್ರ್ಯಾಂಡ್ ಪಿಯಾನೋ ನುಡಿಸುವುದು ಈ ಓಟದ ಬಹುಕಾಲದ ಸಂಪ್ರದಾಯ. ಗಾಳಿ ಉತ್ತರದ ಕಡೆಯಿಂದ ಬೀಸುತ್ತಿದ್ದುದರಿಂದ ಆ ನಾದವು ಸೇತುವೆಯನ್ನು ಮುಟ್ಟುವ ಮೊದಲೇ ಕೇಳಿಸತೊಡಗಿತೆಂಬುದು ಅಂದು ಆ ಗಾಳಿ ಮಾಡಿದ ಒಂದೇ ಉಪಕಾರ. ಅಲ್ಲಿ ಅಳುವವರಿದ್ದರು, ನಿಂತು ಪಿಯಾನೋದ ಜೊತೆ ಚಿತ್ರ ತೆಗೆಸಿಕೊಳ್ಳುವವರೂ ಇದ್ದರು. ಎರಡೂ ಸಮರ್ಥನೀಯ.

ಬಹುತೇಕ ಕಥನಗಳು ಈ ಸೇತುವೆಯಲ್ಲೇ ಮುಗಿದುಹೋಗುತ್ತವೆ. ಓಟ ಮಾತ್ರ ಇನ್ನೂ 21 ಕಿಲೋಮೀಟರು ಉಳಿದಿರುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಸಂಕುಚಿಸುತ್ತಲೇ ಹಿಗ್ಗಬೇಕಾಗುವುದರಿಂದ, ಹತ್ತುವಾಗ ಆಗದ ಸೂಕ್ಷ್ಮ ಸೀಳುಗಳು ಅವುಗಳಲ್ಲಿ ಉಂಟಾಗುತ್ತವೆ; ಹರಿಕೇನ್ ಪಾಯಿಂಟಿನಿಂದ ಗಾಳಿಯನ್ನು ತಳ್ಳಿಕೊಂಡು ಇಳಿದುದರ ಬೆಲೆಯನ್ನು 34ನೆಯ ಕಿಲೋಮೀಟರಿನ ಆಚೆ, ಕಾರ್ಮೆಲ್ ಹೈಲ್ಯಾಂಡ್ಸ್ ಎಂಬ ಶ್ರೀಮಂತರ ವಸತಿಯ ಏರುತಗ್ಗುಗಳಲ್ಲಿ ತೆರಬೇಕಾಗುತ್ತದೆ. ಜೊತೆಗೆ ಕ್ಯಾಂಬರ್, ಅಂದರೆ ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಎತ್ತರಿಸಿ ಅಂಚುಗಳ ಕಡೆಗೆ ಇಳಿಸುವ ಓರೆ, ಇಲ್ಲಿನ ತಿರುವುಗಳಲ್ಲಿ ಇನ್ನೂ ಹೆಚ್ಚಾಗಿ ಒಂದು ಕಾಲು ಸದಾ ಇನ್ನೊಂದಕ್ಕಿಂತ ತಗ್ಗಿನಲ್ಲಿ ಬೀಳುವಂತೆ ಮಾಡುತ್ತದೆ. ಲೇಖಕನ ಎಡಮಂಡಿಯ ಹೊರಭಾಗ ನೋಯತೊಡಗಿದ್ದು ಇಲ್ಲಿ. 37ನೆಯ ಕಿಲೋಮೀಟರಿನ ಸುಮಾರಿಗೆ ಸ್ಥಳೀಯರು ತಟ್ಟೆಗಳಲ್ಲಿ ಹಿಡಿದು ನಿಂತಿರುವ ದಪ್ಪ ಸ್ಟ್ರಾಬೆರಿ ಹಣ್ಣುಗಳ ಖ್ಯಾತಿ ನ್ಯಾಯವಾದದ್ದೇ. ಅವುಗಳನ್ನು ತಿನ್ನಲು ನಿಂತ ಮೇಲೆ ಮತ್ತೆ ಓಡತೊಡಗುವುದು ಹೇಗೆಂಬುದನ್ನು ಮಾತ್ರ ಯಾರೂ ಬರೆದಿಲ್ಲ. ಹೆದ್ದಾರಿಯನ್ನು ವಾಹನಗಳಿಗೆ ಮತ್ತೆ ತೆರೆಯಬೇಕಾಗಿರುವುದರಿಂದ ಓಟಕ್ಕೆ ಆರು ಗಂಟೆಗಳ ಮಿತಿಯಿದೆ. ಲೇಖಕನು ಆ ಮಿತಿಯೊಳಗೆ, ನಡೆಯುವುದಕ್ಕೂ ಓಡುವುದಕ್ಕೂ ನಡುವಿನ ಯಾವುದೋ ಗತಿಯಲ್ಲಿ, ಮಣ್ಣಿನಿಂದ ಮಾಡಿದ ಪದಕವನ್ನು ಕೊರಳಿಗೆ ಹಾಕಿಸಿಕೊಂಡನು. ಅವನ ಅಭ್ಯಾಸದಲ್ಲಿ ಕೊರತೆಯಿರಲಿಲ್ಲವೆಂಬುದನ್ನು ಈ ಸಂದರ್ಭದಲ್ಲಿ ದಾಖಲಿಸುವುದು ಉಚಿತ. ಆ ಅಭ್ಯಾಸವೆಲ್ಲ ಭಾವನ ಸಲಹೆಯಂತೆ ಕೊಲ್ಲಿಯಂಚಿನ ಚಪ್ಪಟೆ ದಾರಿಗಳಲ್ಲಿ ನಡೆದಿತ್ತು.

ಹೊಸಬರಿಗೆ ಹೇಳಬಹುದಾದುದು ಕೆಲವೇ ಮಾತುಗಳು. ಏರನ್ನು ಅಭ್ಯಾಸ ಮಾಡಿದಷ್ಟೇ ಇಳಿಜಾರನ್ನೂ ಅಭ್ಯಾಸ ಮಾಡಬೇಕು. ನಸುಕಿನ ಚಳಿಗೆ, ಎಸೆದು ಹೋಗಬಹುದಾದ ಹಳೆಯ ಸ್ವೆಟರು ಮತ್ತು ಕೈಗವಸುಗಳು ಸಾಕು. ವಾಹನ ಸಂಚಾರ ನಿಂತಿರುವುದರಿಂದ ರಸ್ತೆಯ ನಡುವಿನ ಜೋಡಿ ಹಳದಿ ಗೆರೆಯ ಮೇಲೆಯೇ ಓಡಿದರೆ ಓರೆ ಕಡಿಮೆಯಾಗುತ್ತದೆ. ಗಾಳಿಯಲ್ಲಿ ಒಬ್ಬಂಟಿಯಾಗಿ ಓಡಬಾರದು. ಗುಂಪಿನಲ್ಲಿದ್ದು ಸರದಿಯ ಮೇಲೆ ಮುಂದಾಗುವುದು ಧರ್ಮವೂ ಹೌದು. ಇಲ್ಲಿನ ಸಮಯವನ್ನು ಬೇರೆ ಓಟಗಳ ಸಮಯದೊಂದಿಗೆ ಹೋಲಿಸುವುದು ವ್ಯರ್ಥ.

ದಾರಿ ಇದ್ದೇ ಇರುತ್ತದೆಂಬ ಭರವಸೆಯೂ ಬೇಡ. 2011ರ ಮಾರ್ಚಿನಲ್ಲಿ ರಾಕಿ ಕ್ರೀಕ್ ಬಳಿ ಹೆದ್ದಾರಿಯ ಒಂದು ಭಾಗ ಕಡಲಿಗೆ ಕುಸಿದುದರಿಂದ ಆ ವರ್ಷದ ಓಟವನ್ನು ಕಾರ್ಮೆಲ್ ಕಡೆಯಿಂದಲೇ ಹೊರಟು ಅಲ್ಲಿಗೇ ಮರಳುವಂತೆ ಬದಲಿಸಬೇಕಾಯಿತು. 2024ರಲ್ಲಿ ಅದೇ ಆಸುಪಾಸಿನಲ್ಲಿ ರಸ್ತೆ ಮತ್ತೆ ಕುಸಿದು ಮತ್ತೆ ಹಾಗೆಯೇ ಆಯಿತು. ಅಂಥ ವರ್ಷ ಹೆಸರು ಕೊಟ್ಟವರಿಗೆ ಬಿಕ್ಸ್‌ಬಿ ಸೇತುವೆಯೂ ಇಲ್ಲ, ಹರಿಕೇನ್ ಪಾಯಿಂಟೂ ಇಲ್ಲ. ಭಾವನು ಓಡಿದ ವರ್ಷ ದಾರಿ ಪೂರ್ತಿಯಾಗಿಯೇ ಇತ್ತು, ಗಾಳಿ ಮಾತ್ರ ಇರಲಿಲ್ಲವೆಂಬುದು ಓಟ ಮುಗಿದ ಮರುದಿನ, ಮಂಡಿಗೆ ಮಂಜುಗಡ್ಡೆ ಇಟ್ಟುಕೊಂಡು ಕುಳಿತಿದ್ದಾಗ ಲೇಖಕನ ಅಕ್ಕನಿಂದ ತಿಳಿದುಬಂದ ಸಂಗತಿ. ಆದುದರಿಂದ ಈ ಓಟವನ್ನು ಮೊದಲೇ ಓಡಿ ಬಂದಿರುವ ಬಂಧುಗಳಲ್ಲಿ ಒಂದು ವಿನಂತಿ: ಸಲಹೆ ಕೊಡುವಾಗ ತಮ್ಮ ಓಟದ ಸಮಯವನ್ನು ಹೇಳುವುದಕ್ಕೆ ಮೊದಲು, ಅಂದು ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತೆಂಬುದನ್ನು ದಯವಿಟ್ಟು ತಿಳಿಸಬೇಕು.