ಕುಕ್ಕರ್ ಕೇಕಿಗೆ ಯಾವ ವೆನಿಲ್ಲಾ?

ಲಿಂಗಸುಗೂರಿನಿಂದ ಮಸ್ಕಿ ಹಾದು ಸಿಂಧನೂರಿಗೆ ಹೋಗುವ ದಾರಿಯ ಬೇಕರಿಗಳಲ್ಲಾಗಲಿ, ಈ ಮೂರೂ ಊರುಗಳ ಮನೆಗಳಲ್ಲಿ ಗ್ಯಾಸ್ಕೆಟ್, ಸೀಟಿ ತೆಗೆದು ತಳಕ್ಕೆ ಉಪ್ಪೋ ಮರಳೋ ಹರವಿ ಬೇಯಿಸುವ ಕುಕ್ಕರ್ ಕೇಕಿನಲ್ಲಾಗಲಿ, ವೆನಿಲ್ಲಾ ಅಂದರೆ ಕಿರಾಣಿ ಅಂಗಡಿಯಲ್ಲಿ ಸಿಗುವ ಎಸೆನ್ಸಿನ ಪುಟ್ಟ ಸೀಸೆ. ಈಚೆಗೆ ಆನ್‌ಲೈನ್‌ನಲ್ಲಿ ವೆನಿಲ್ಲಾ ಕೋಡು, ಎಕ್ಸ್‌ಟ್ರಾಕ್ಟ್, ಪೇಸ್ಟ್, ಪುಡಿ ಎಲ್ಲವೂ ಮನೆ ಬಾಗಿಲಿಗೇ ಬರತೊಡಗಿವೆ. ಅವುಗಳ ಜೊತೆಗೆ ಒಂದು ಕೀಳರಿಮೆಯೂ ಬಂದಿದೆ. ಎಸೆನ್ಸ್ ಹಾಕಿದ್ದು ಕಳಪೆ, ಕೋಡು ಹಾಕಿದ್ದೇ ಅಸಲಿ ಎಂಬ ಮಾತು ಮನೆಯಲ್ಲಿ ಕೇಕ್ ಮಾಡಿ ಮಾರುವ ಹೆಣ್ಣುಮಕ್ಕಳನ್ನು ಸುಮ್ಮನೆ ಅಳುಕಿಸುತ್ತಿದೆ. ಬೇಯಿಸುತ್ತ ಬೇಯಿಸುತ್ತ ನನಗೆ ಮನವರಿಕೆಯಾದದ್ದು ಬೇರೆ. ವೆನಿಲ್ಲಾದ ಯಾವ ರೂಪ ಬೇಕು ಎಂಬುದನ್ನು ಬೆಲೆ ನೋಡಿ ಆರಿಸುವುದು ತಪ್ಪು. ಅದು ಎಷ್ಟು ಕಾವು ಕಾಣಲಿದೆ, ಅದರ ಜೊತೆಗೆ ಪಾತ್ರೆಯಲ್ಲಿ ಇನ್ನೇನಿದೆ, ಇವೆರಡನ್ನು ನೋಡಿಯೇ ಆರಿಸಬೇಕು.

ಕೋಡು ಅಷ್ಟು ದುಬಾರಿ ಯಾಕೆ ಎಂಬುದು ಕರ್ನಾಟಕದವರಿಗೆ ಹೊಸ ವಿಷಯವಲ್ಲ. ಒಣ ಹವೆಯ ನಮ್ಮ ರಾಯಚೂರು ಸೀಮೆ ವೆನಿಲ್ಲಾ ಬಳ್ಳಿಗೆ ಆಗಿಬರುವುದಿಲ್ಲ. ಅದಕ್ಕೆ ನೆರಳು, ತೇವ ಬೇಕು. ಆದರೆ ಮಲೆನಾಡು, ಕೊಡಗು, ದಕ್ಷಿಣ ಕನ್ನಡದ ಅಡಿಕೆ, ಕಾಫಿ ತೋಟಗಳಲ್ಲಿ ಅದು ಒಂದು ಕಾಲಕ್ಕೆ ಹುಚ್ಚು ಹಿಡಿಸಿತ್ತು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದು ಅಲ್ಲಿನ ಬೆಳೆ ಹಾಳಾದ ಮೇಲೆ, 2003-04ರ ಹೊತ್ತಿಗೆ ಸಂಸ್ಕರಿಸಿದ ಕೋಡಿನ ದರ ಜಗತ್ತಿನ ಮಾರುಕಟ್ಟೆಯಲ್ಲಿ ಕಿಲೋಗೆ 500 ಡಾಲರ್‌ ಸುತ್ತಮುತ್ತ ಏರಿತು. ನಮ್ಮ ರೈತರು ರಾತ್ರಿ ತೋಟ ಕಾದರು. ಆಹಾರ ಕಂಪನಿಗಳು ವೆನಿಲ್ಲಾದ ಮುಖ್ಯ ಪರಿಮಳ ವಸ್ತುವಾದ ವೆನಿಲಿನ್‌ನ ಅಗ್ಗದ ಕೃತಕ ರೂಪದತ್ತ ತಿರುಗಿದ್ದೇ ತಡ, ದರ ನೆಲಕಚ್ಚಿತು. ಬಳ್ಳಿಯ ಹಿಂದಿರುವ ದುಡಿಮೆ ಮಾತ್ರ ಕಡಿಮೆಯಾಗಲಿಲ್ಲ. ಒಂದೇ ದಿನ ಅರಳಿರುವ ಹೂವಿಗೆ ಕೈಯಿಂದಲೇ ಪರಾಗಸ್ಪರ್ಶ ಮಾಡಿಸಬೇಕು, ಕೋಡು ಬಲಿಯಲು ಎಂಟೊಂಬತ್ತು ತಿಂಗಳು ಕಾಯಬೇಕು, ಆಮೇಲೆ ತಿಂಗಳುಗಟ್ಟಲೆ ಬಿಸಿಲು ಕಾಯಿಸಿ, ಬಟ್ಟೆಯಲ್ಲಿ ಸುತ್ತಿ, ಹದ ಮಾಡಬೇಕು. ಐದಾರು ಕಿಲೋ ಹಸಿ ಕೋಡಿಗೆ ಒಂದು ಕಿಲೋ ಸಂಸ್ಕರಿಸಿದ ಕೋಡು. ಇಷ್ಟೆಲ್ಲ ಆದ ಮೇಲೂ ಅದರಲ್ಲಿರುವ ವೆನಿಲಿನ್ ಅದರ ತೂಕದ ಶೇಕಡಾ 2ರ ಆಸುಪಾಸು. ಅಮೆರಿಕದ ನಿಯಮದಂತೆ ಎಕ್ಸ್‌ಟ್ರಾಕ್ಟ್ ಎನಿಸಿಕೊಳ್ಳಲು ಲೀಟರಿಗೆ ಸುಮಾರು 100 ಗ್ರಾಂ ಕೋಡು, ಶೇಕಡಾ 35ರಷ್ಟು ಆಲ್ಕೋಹಾಲ್ ಇರಬೇಕು. ಲೆಕ್ಕ ಹಾಕಿದರೆ ಒಂದು ಟೀ ಚಮಚ ಎಕ್ಸ್‌ಟ್ರಾಕ್ಟಿನಲ್ಲಿ ನಮಗೆ ದಕ್ಕುವ ವೆನಿಲಿನ್ ಸುಮಾರು 10 ಮಿಲಿಗ್ರಾಂ. ಉಳಿದ ಹಣ ಹೋಗುವುದು ಕೋಡಿನಲ್ಲಿ ವೆನಿಲಿನ್ ಜೊತೆಗಿರುವ ನೂರಾರು ಸೂಕ್ಷ್ಮ ಪರಿಮಳಗಳಿಗೆ: ಹೂವಿನದು, ಒಣದ್ರಾಕ್ಷಿಯದು, ಒಂಚೂರು ಹೊಗೆಯದು.

ಆ ಸೂಕ್ಷ್ಮ ಪರಿಮಳಗಳು ಕಾವಿನಲ್ಲಿ ಉಳಿಯುತ್ತವೆಯೇ ಎಂಬುದೇ ಪ್ರಶ್ನೆ. ಕೇಕಿನ ಒಡಲು ಬೆಂದಾಗ 100 ಡಿಗ್ರಿಯ ಹತ್ತಿರ ಬರುತ್ತದೆ, ಹಿಟ್ಟಿನ ನೀರು ಆವಿಯಾಗಿ ಮೇಲೇಳುತ್ತದೆ, ಹೋಗುವಾಗ ಹಗುರ ಪರಿಮಳಗಳನ್ನೂ ಹೊತ್ತೊಯ್ಯುತ್ತದೆ. ವೆನಿಲಿನ್ ಗಟ್ಟಿ ಕುಳ, ಬಹುಪಾಲು ನಿಲ್ಲುತ್ತದೆ. ಬಿಸ್ಕತ್ತು ಇನ್ನೂ ತೆಳು, ಒಳಗೂ ಹೊರಗೂ ಕಾದು ಒಣಗುತ್ತದೆ; ಅದರಲ್ಲಿ ಕೋಡಿನ ಕುಸುರಿಯನ್ನು ಹುಡುಕುವುದು ಕಷ್ಟ. ಹಾಗಾಗಿ ಕೇಕು, ಬಿಸ್ಕತ್ತು, ಬನ್ನಿಗೆ ಒಳ್ಳೆಯ ಎಸೆನ್ಸ್ ಸಾಕು ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಅದನ್ನು ಹಾಲು, ನೀರಿನ ಜೊತೆ ಕೊನೆಗೆ ಸುರಿಯುವ ಬದಲು ಬೆಣ್ಣೆ, ಎಣ್ಣೆ, ಸಕ್ಕರೆ ನಾದುವಾಗಲೇ ಸೇರಿಸಿದರೆ ಕೊಬ್ಬು ಪರಿಮಳವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೋಡು ಸಲ್ಲುವುದು ಒಲೆ ಆರಿದ ಮೇಲಿನ ಕೆಲಸಕ್ಕೆ: ಕೇಕಿನ ಮೇಲಿನ ಕ್ರೀಮು, ಮನೆಯಲ್ಲಿ ಕಾಯಿಸಿದ ಕಸ್ಟರ್ಡ್, ಕುಲ್ಫಿ, ಐಸ್‌ಕ್ರೀಮು. ಹುಗ್ಗಿಗೆ, ಪಾಯಸಕ್ಕೆ ಏಲಕ್ಕಿಯನ್ನು ಇಳಿಸುವ ಹೊತ್ತಿಗೇ ಕುಟ್ಟಿ ಹಾಕುವ ನಮ್ಮ ಹೆಂಗಸರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ವೆನಿಲ್ಲಾ ಹೊರಗಿನಿಂದ ಬಂದದ್ದೆಂದು ಆ ಲೆಕ್ಕವನ್ನು ಅದಕ್ಕೂ ಅನ್ವಯಿಸಿಕೊಂಡಿಲ್ಲ, ಅಷ್ಟೇ.

ಎಸೆನ್ಸ್ ಕೆಮಿಕಲ್ಲು, ಮಕ್ಕಳಿಗೆ ಕೊಡಬಾರದು ಎಂಬ ಆಕ್ಷೇಪ ಪದೇಪದೇ ಕೇಳಿಬರುತ್ತದೆ. ಎಸೆನ್ಸಿನಲ್ಲಿ ಮುಖ್ಯವಾಗಿ ಇರುವುದು ಹೀಗೆ ಕೃತಕವಾಗಿ ತಯಾರಿಸಿದ ವೆನಿಲಿನ್. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಪೈನ್ ಜಾತಿಯ ಮರದ ರಸದಲ್ಲಿನ ವಸ್ತುವಿನಿಂದ ವೆನಿಲಿನ್ ತಯಾರಿಸಿ ತೋರಿಸಿದರು. ಇಂದು ಹೆಚ್ಚಿನದು ಪೆಟ್ರೋಲಿಯಂ ಮೂಲದ್ದು. ಮೂಲ ಯಾವುದಿದ್ದರೂ ವೆನಿಲಿನ್ ಕಣ ಒಂದೇ. ಕೋಡಿನದಕ್ಕೂ ಕಾರ್ಖಾನೆಯದಕ್ಕೂ ದೇಹಕ್ಕೆ ಭೇದವಿಲ್ಲ. ಹಾಗಂತ ಎಲ್ಲ ಸೀಸೆಯೂ ಒಂದೇ ಅಲ್ಲ. ಕೆಲವದರಲ್ಲಿ ಎಥಿಲ್ ವೆನಿಲಿನ್ ಇರುತ್ತದೆ. ಅದು ವೆನಿಲಿನ್‌ಗಿಂತ ಸುಮಾರು ಮೂರು ಪಟ್ಟು ಗಾಢ, ಒಂದೆರಡು ಹನಿ ಹೆಚ್ಚಾದರೂ ನಾಲಿಗೆಗೆ ಕಹಿ ಒಗರು ಹತ್ತುತ್ತದೆ. ಪಾಕವಿಧಾನದಲ್ಲಿ ಒಂದು ಚಮಚ ಎಕ್ಸ್‌ಟ್ರಾಕ್ಟ್ ಎಂದಿದ್ದರೆ ಎಸೆನ್ಸನ್ನು ಅರ್ಧ ಚಮಚದಿಂದ ಶುರು ಮಾಡುವುದು ಕ್ಷೇಮ. ಕೇಕ್ ತಿಂದು ‘ಔಷಧಿ ವಾಸನೆ’ ಎನ್ನುವವರು ದೂರುತ್ತಿರುವುದು ಹೆಚ್ಚಿನ ಸಲ ಅಳತೆಯನ್ನು.

ಎಸೆನ್ಸ್ ಮೇಲೆ ಹೊರಿಸುವ ಎಷ್ಟೋ ತಪ್ಪುಗಳು ಅದರವಲ್ಲವೇ ಅಲ್ಲ. ಮೊಟ್ಟೆ ಮುಟ್ಟದ ಮನೆಗಳು ಇಲ್ಲಿ ಬಹಳ, ಹಾಗಾಗಿ ಮೊಸರು ಮತ್ತು ಅಡುಗೆ ಸೋಡಾ ಸೇರಿಸಿದ ಕೇಕೇ ಹೆಚ್ಚು. ಮೊಸರಿನ ಹುಳಿ ಸಾಲದೆ ಸೋಡಾ ಮಿಕ್ಕರೆ ಹಿಟ್ಟು ಕ್ಷಾರವಾಗುತ್ತದೆ. ಕ್ಷಾರದಲ್ಲಿ ವೆನಿಲಿನ್ ತನ್ನ ಸುವಾಸನೆ ಬಿಟ್ಟುಕೊಡುವುದಿಲ್ಲ, ಸೋಪಿನ ರುಚಿ ಮುಂದೆ ಬರುತ್ತದೆ. ಆಗ ಇನ್ನಷ್ಟು ಎಸೆನ್ಸ್ ಸುರಿದರೆ ಏನೂ ಆಗದು, ಸೋಡಾ ತಗ್ಗಿಸಬೇಕು. ಸಜ್ಜಿ ಹಿಟ್ಟಿನ ಕೇಕು, ಬಿಸ್ಕತ್ತು ಈಗ ಬೇಡಿಕೆಯಲ್ಲಿವೆ. ಬೀಸಿದ ಸಜ್ಜಿ ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ, ಆ ಕಮಟನ್ನು ಯಾವ ವೆನಿಲ್ಲಾವೂ ಮುಚ್ಚಲಾರದು, ಹೊಸದಾಗಿ ಬೀಸಿಸುವುದೊಂದೇ ದಾರಿ. ಬೆಲ್ಲ ಹಾಕಿದ ಜೋಳದ ಕೇಕಿಗೆ ಕೋಡು ಬಳಸುವುದು ದುಂದು: ಬೆಲ್ಲದ ಗಾಢ ಘಮ ಅದರ ನಾಜೂಕನ್ನು ನುಂಗಿಬಿಡುತ್ತದೆ. ಮದುವೆ ಮನೆಗಳ ಫ್ರೂಟ್ ಸಲಾಡಿಗೆ ಕಸ್ಟರ್ಡ್ ಪುಡಿ ಕಲಸಿ, ಮೇಲೆ ಎಸೆನ್ಸನ್ನೂ ಹನಿಸುವ ಅಭ್ಯಾಸ ಕಂಡಾಗ ನನಗೆ ಬೇಸರವಾಗುತ್ತದೆ. ವೆನಿಲ್ಲಾ ಕಸ್ಟರ್ಡ್ ಪುಡಿಯೆಂದರೆ ಮೆಕ್ಕೆಜೋಳದ ಪಿಷ್ಟ, ಬಣ್ಣ, ವೆನಿಲ್ಲಾ ಸುವಾಸನೆಯೇ, ಮತ್ತೆ ಬೇಕಾಗಿಲ್ಲ.

ಎಲ್ಲವೂ ಒಂದೇ ಆದರೆ ಕೋಡು ಕೊಳ್ಳುವವರು ಮರುಳರೇ ಎಂದು ಎದುರು ಪ್ರಶ್ನೆ ಬರುತ್ತದೆ. ಖಂಡಿತ ಅಲ್ಲ. ಒಳ್ಳೆಯ ಕೋಡನ್ನು ಬೆರಳಿಗೆ ಸುತ್ತಿ ನೋಡಿ: ಮುರಿಯದೆ ಬಾಗುತ್ತದೆ, ಎಣ್ಣೆ ಸವರಿದಂತೆ ಹೊಳೆಯುತ್ತದೆ, ಸೀಳಿ ಚಾಕುವಿನ ಬೆನ್ನಿನಿಂದ ಕೆರೆದರೆ ಕಪ್ಪು ಅಂಟಿನ ಜೊತೆ ಸಾಸಿವೆಗಿಂತ ಎಷ್ಟೋ ಸಣ್ಣ ಬೀಜಗಳು ಸಾವಿರಾರು ಬರುತ್ತವೆ. ಅದನ್ನು ಸಿಪ್ಪೆ ಸಮೇತ ಎಮ್ಮೆಯ ಗಟ್ಟಿ ಹಾಲಿಗೆ ಹಾಕಿ, ಕುದಿಸದೆ ಬಿಸಿ ಮಾಡಿ ಮುಚ್ಚಿಟ್ಟರೆ ಬರುವ ಘಮ ಯಾವ ಸೀಸೆಯಿಂದಲೂ ಬಾರದು. ಪೇಸ್ಟ್ ಸುಲಭ, ಬೀಜವೂ ಕಾಣುತ್ತದೆ, ಆದರೆ ಅದರಲ್ಲಿ ಸಕ್ಕರೆ, ಗಟ್ಟಿಗೊಳಿಸುವ ಅಂಟು ಇರುತ್ತವೆ; ಲೇಬಲ್ ಓದಿ ಕೊಳ್ಳಬೇಕು. ಕಪ್ಪು ಚುಕ್ಕೆ ಕಂಡಕೂಡಲೇ ಅಸಲಿ ಎಂದುಕೊಳ್ಳಬೇಡಿ. ಎಕ್ಸ್‌ಟ್ರಾಕ್ಟ್ ತೆಗೆದು ಸಾರವಿಲ್ಲದ ಬೀಜವನ್ನು ಬರೀ ನೋಟಕ್ಕಾಗಿ ಐಸ್‌ಕ್ರೀಮಿಗೆ ಬೆರೆಸುವುದುಂಟು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ನೆಲದಲ್ಲಿ ಇಡುವ ಜಾಗವೂ ಮುಖ್ಯ. ಅಂಗಡಿಯ ಗಾಜಿನ ಬೀರುವಿನಲ್ಲಿ ಬಿಸಿಲಿಗೆ ಕಾದ ಸೀಸೆ ಬೇಡ. ಕೋಡನ್ನು ಫ್ರಿಜ್ಜಿಗೂ ಹಾಕಬೇಡಿ, ಒಣಗಿ ಬಿರುಸಾಗುತ್ತದೆ ಅಥವಾ ಬೂಸು ಹಿಡಿಯುತ್ತದೆ. ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ, ಕತ್ತಲಿನ ತಂಪು ಮೂಲೆಯಲ್ಲಿಡಿ. ಮೇಲೆ ಬೆಳ್ಳಗೆ ಏನಾದರೂ ಕಂಡರೆ ಬೆಳಕಿಗೆ ಹಿಡಿಯಿರಿ. ಸೂಜಿಯಂತೆ ಮಿನುಗಿದರೆ ವೆನಿಲಿನ್ ಹರಳು, ಅದು ಒಳ್ಳೆಯ ಗುರುತು. ಮಂಕಾಗಿ ನೂಲುನೂಲಾಗಿದ್ದರೆ ಬೂಸು, ಎಸೆಯಬೇಕು.

ಎಕ್ಸ್‌ಟ್ರಾಕ್ಟಿನ ಆಲ್ಕೋಹಾಲ್ ಒಗ್ಗದ ಮನೆಗಳ ತಕರಾರನ್ನು ನಾನು ಗೌರವಿಸುತ್ತೇನೆ. ಬೆಂದ ಮೇಲೆ ಬಹುಪಾಲು ಹಾರಿಹೋಗುತ್ತದೆ ಎಂದು ವಾದಿಸಿ ಅವರನ್ನು ಒಪ್ಪಿಸಬೇಕಾಗಿಲ್ಲ, ಬೇರೆ ದಾರಿಯಿದೆ. ಹಾಲಿನಲ್ಲಿ ನೆನೆಸಿದ ಸಿಪ್ಪೆಯನ್ನು ತೊಳೆದು, ನೆರಳಲ್ಲಿ ಚೆನ್ನಾಗಿ ಒಣಗಿಸಿ, ಸಕ್ಕರೆ ಡಬ್ಬಿಯೊಳಗೆ ಹುಗಿದಿಟ್ಟರೆ ಎರಡು ಮೂರು ವಾರದಲ್ಲಿ ಸಕ್ಕರೆಗೇ ಘಮ ಏರುತ್ತದೆ. ದುಬಾರಿ ಎನಿಸಿದ ಕೋಡು ಹೀಗೆ ಎರಡನೆಯ ಸಲವೂ ಕೆಲಸಕ್ಕೆ ಬರುತ್ತದೆ. ಆ ಸಕ್ಕರೆಯನ್ನು ಪುಡಿ ಮಾಡಿ, ಆರಿದ ಕೇಕಿನ ಮೇಲೋ ಬೆಣ್ಣೆ ಬಿಸ್ಕತ್ತಿನ ಮೇಲೋ ಉದುರಿಸಬಹುದು, ಒಲೆಯ ಮೇಲಿಂದ ಇಳಿಸಿದ ಸಿಹಿಗೂ ಕಲಸಬಹುದು.